ಕತ್ತರಿ ಆಡುವ ಮುನ್ನ ನಾಲ್ಕು ಮಾತು

ನವೆಂಬರ್ 1ರ ರಾಜ್ಯೋತ್ಸವಕ್ಕೆ ನಿಮ್ಮ ಮಗಳ ಭರತನಾಟ್ಯವಿದೆ ಎಂದುಕೊಳ್ಳಿ. ಪೋಷಾಕು ಹೊಲಿಸಬೇಕು. ಮಣಿನಗರದಲ್ಲಿ ದರ್ಜಿಗಳಿಗೇನು ಬರವೇ ಎಂದು ನೀವು ಅಕ್ಟೋಬರಿನಲ್ಲಿ ಸೀರೆ ಹಿಡಿದು ಹೊರಟರೆ ಎಲ್ಲೆಡೆ ಸಿಗುವುದು ಒಂದೇ ಉತ್ತರ: "ಕಾಲೇ ಆವ್ಜೋ." ನಮ್ಮೂರ ಬಾಗಿಲುಗಳ ಮೇಲೆ ಬರೆಯುತ್ತಿದ್ದ "ನಾಳೆ ಬಾ" ಎಂಬುದರ ಗುಜರಾತಿ ಅವತಾರವಿದು!

ಇದರಲ್ಲಿ ದರ್ಜಿಯ ತಪ್ಪೇನಿಲ್ಲ. ನವರಾತ್ರಿಯ ಗರ್ಬಾಕ್ಕೆಂದು ಊರಿಗೆ ಊರೇ ಚಣಿಯಾ-ಚೋಳಿ ಹೊಲಿಸುವ ಕಾಲವದು. ಅದು ಮುಗಿದರೆ ದೀಪಾವಳಿ. ಆಮೇಲೆ ಲಾಭ ಪಂಚಮಿಯವರೆಗೆ ಅನೇಕ ಅಂಗಡಿಗಳ ಬಾಗಿಲೇ ತೆರೆಯುವುದಿಲ್ಲ. 2024ರಲ್ಲಂತೂ ದೀಪಾವಳಿಯೂ ರಾಜ್ಯೋತ್ಸವವೂ ಒಟ್ಟಿಗೇ ಬಂದವು. ಆದ್ದರಿಂದ ಶ್ರಾವಣದಲ್ಲೇ ಬಟ್ಟೆ ಕೊಡಿ, ಗಣೇಶನ ಹಬ್ಬದ ಸುಮಾರಿಗೆ ಟ್ರಯಲ್ ನೋಡಿ, ಅನಂತ ಚತುರ್ದಶಿಯೊಳಗೆ ಪೋಷಾಕು ಮನೆಗೆ ಬರಲಿ.

ದಿನ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧವೆಂದರೆ, ಏನು ಬೇಕೆಂಬುದನ್ನು ಬಿಡಿಸಿ ಹೇಳುವುದು. ಅಹಮದಾಬಾದಿಗೆ ಭರತನಾಟ್ಯ ಹೊಸದಲ್ಲ. ಮೃಣಾಲಿನಿ ಸಾರಾಭಾಯಿಯವರು 1949ರಲ್ಲೇ ಇಲ್ಲಿ ದರ್ಪಣ ಅಕಾಡೆಮಿಯನ್ನು ಆರಂಭಿಸಿದರು. ಆದರೂ ಚಣಿಯಾ-ಚೋಳಿಯಲ್ಲಿ ಪಳಗಿದ ಕೈಗೆಲ್ಲ ಈ ಪೋಷಾಕಿನ ಮರ್ಮ ತಿಳಿದಿರಬೇಕೆಂದಿಲ್ಲ. ಹಿಂದಿನ ನರ್ತಕಿಯರು ಪೈಜಾಮದ ಮೇಲೆ ಸೀರೆ ಸುತ್ತಿ ಕುಣಿಯುತ್ತಿದ್ದರು. 1930ರ ದಶಕದಲ್ಲಿ ರುಕ್ಮಿಣೀದೇವಿ ಅರುಂಡೇಲರು ವೇದಿಕೆಗೆ ಬಂದ ಮೇಲೆ ಹೊಲಿದ ಪೋಷಾಕು ಕ್ರಮೇಣ ರೂಢಿಯಾಯಿತು. ಪೈಜಾಮ, ರವಿಕೆ, ಮೇಲುಹೊದಿಕೆ, ಸೊಂಟದ ಹಿಂಬದಿಯ ತುಂಡು, ಮುಂದೆ ಬೀಸಣಿಗೆಯಂಥ ನೆರಿಗೆ, ಇವಿಷ್ಟೂ ಸಾಮಾನ್ಯವಾಗಿ ಒಂದೇ ಸೀರೆಯಿಂದ ಹೊರಡಬೇಕು. ಅಂಚು ಎಲ್ಲೆಲ್ಲಿ ಕಾಣಬೇಕೆಂಬುದನ್ನು ಮೊದಲೇ ಹೇಳದಿದ್ದರೆ ಆಮೇಲೆ ಅಂಚೇ ಉಳಿದಿರುವುದಿಲ್ಲ.

ಅಳತೆಯನ್ನು ಮಗು ನಿಂತು ಕೊಟ್ಟರೆ ಸಾಲದು, ಅರಮಂಡಿಯಲ್ಲಿಯೂ ಕೊಡಬೇಕು. ಮಂಡಿಗಳನ್ನು ಹೊರಕ್ಕೆ ಬಾಗಿಸಿದಾಗ ನೆರಿಗೆ ಪೂರ್ತಿ ಅರಳಬೇಕು, ಪೈಜಾಮ ಎಲ್ಲಿಯೂ ಬಿಗಿಯಬಾರದು. ಬಿಗಿದರೆ ಹೊಲಿಗೆ ಬಿಚ್ಚುವುದು ವೇದಿಕೆಯ ಮೇಲೆಯೇ. ಆಗ ವರ್ಷಗಟ್ಟಲೆ ಕಲಿತ ಮಗು ತಾಳ ಬಿಟ್ಟು ಬಟ್ಟೆ ಹಿಡಿದುಕೊಳ್ಳಬೇಕಾಗುತ್ತದೆ. ಆದ್ದರಿಂದ ಕಚ್ಚಾ ಹೊಲಿಗೆಯಲ್ಲೇ ತೊಡಿಸಿ, ನಾಲ್ಕು ಅಡವು ಕುಣಿಸಿ ನೋಡಿ.

ಮನೆಯಲ್ಲೇ ಯಂತ್ರವಿಟ್ಟುಕೊಂಡು ಇಂಥ ಆರ್ಡರ್ ಹಿಡಿಯುವ ಸೋದರಿಯರಿಗೂ ಒಂದು ಕಿವಿಮಾತು. ಕೇಳಿದ್ದಕ್ಕೆಲ್ಲ "ಆಗಲಿ ಅಕ್ಕಾ" ಎಂದು ತಲೆಯಾಡಿಸಬೇಡಿ. ತಾಯಂದಿರು ಪೋಷಾಕು ಮೈಗೆ ಸರಿಯಾಗಿ ಕೂರಬೇಕೆನ್ನುತ್ತಾರೆ, ಇನ್ನೆರಡು ವರ್ಷಕ್ಕೂ ಬರಬೇಕೆನ್ನುತ್ತಾರೆ! ಒಳಗೆ ಬಟ್ಟೆ ಬಿಟ್ಟು ರವಿಕೆ-ಪೈಜಾಮಗಳನ್ನು ಸ್ವಲ್ಪ ಸಡಿಲಿಸಬಹುದು. ಆದರೆ ನೆರಿಗೆಯ ಉದ್ದವನ್ನು ಮಗುವಿನ ಜೊತೆ ಬೆಳೆಸುವುದು ಕಷ್ಟ. ಇದನ್ನು ಆ ದಿನವೇ ಹೇಳಿಬಿಡಿ. ಮೊಬೈಲಿನಲ್ಲಿ ಕಂಡ ಬಣ್ಣವೇ ಬಟ್ಟೆಯಲ್ಲಿ ಬರಲಾರದು, ಬಟ್ಟೆಯನ್ನೇ ಬಿಸಿಲಿಗೆ ಹಿಡಿದು ತೋರಿಸಿ. ಸಮೂಹ ನೃತ್ಯಕ್ಕೆ ಒಂದು ಸಂಜೆಯ ಮಟ್ಟಿಗೆ ಬೇಕಿದ್ದರೆ, ಬಾಡಿಗೆಗೆ ತರುವುದೇ ಮೇಲೆಂದು ಹೇಳಲೂ ಹಿಂಜರಿಯಬೇಡಿ. ಒಂದು ಆರ್ಡರ್ ಹೋದರೂ ನಂಬಿಕೆ ಉಳಿಯುತ್ತದೆ.

ಇನ್ನು ಹಣದ ಮಾತು. ಸಂಘದಲ್ಲಿ ಎಲ್ಲರೂ ಪರಿಚಿತರು. "ನಮ್ಮವರೇ ಅಲ್ಲವೇ, ತೋಚಿದಷ್ಟು ಕೊಡಿ" ಎನ್ನುತ್ತೇವೆ. ಕೊಟ್ಟದ್ದು ಕಡಿಮೆಯಾಯಿತೆಂದು ಒಬ್ಬರಿಗೆ, ಹೆಚ್ಚಾಯಿತೆಂದು ಇನ್ನೊಬ್ಬರಿಗೆ ಅನ್ನಿಸಿದರೂ ಯಾರೂ ಬಾಯಿ ಬಿಡುವುದಿಲ್ಲ; ಮುಂದಿನ ಕಾರ್ಯಕ್ರಮದಲ್ಲಿ ಇಬ್ಬರೂ ದೂರ ದೂರ ಕೂರುತ್ತಾರೆ. ಪರದೇಶದಂಥ ಊರಿನಲ್ಲಿ ಕನ್ನಡ ಮಾತಾಡುವ ಒಂದು ಮನೆ ಕಳೆದುಕೊಳ್ಳುವುದು ಸಣ್ಣ ನಷ್ಟವೇ? ಹಾಗಾಗಿ ಒಂದು ನೋಟ್‌ಬುಕ್ಕಿನಲ್ಲಿ ಬಣ್ಣ, ಅಂಚಿನ ಜಾಗ, ಟ್ರಯಲ್ ದಿನ, ಕೊಡುವ ದಿನ, ಮಜೂರಿ, ಮುಂಗಡ ಎಲ್ಲವನ್ನೂ ಬರೆದು ಇಬ್ಬರೂ ಸಹಿ ಹಾಕಿ. ಅಳತೆ ತಪ್ಪಿದರೆ ಹೊಲಿದವರು ಪುಕ್ಕಟೆ ಸರಿಪಡಿಸಲಿ. ಮನಸ್ಸು ಬದಲಾದರೆ ಹೊಲಿಸಿದವರು ಹೆಚ್ಚುವರಿ ಕೊಡಲಿ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಗಾದೆ. ಪೋಷಾಕಿನ ವಿಷಯದಲ್ಲಿ ಮಾತ್ರ ಆಡದ ಮಾತಿನಿಂದಲೇ ನಷ್ಟ ಹೆಚ್ಚು. ಕತ್ತರಿಸಿದ ಸೀರೆ ಮತ್ತೆ ಒಂದಾಗುವುದಿಲ್ಲ; ಅದಕ್ಕೆ ಮೊದಲು ಹತ್ತು ನಿಮಿಷ ಕುಳಿತು ಮಾತಾಡಿಕೊಳ್ಳಿ.