ಸೂರ್ಯನಿಲ್ಲದ ತಿಂಗಳುಗಳ ಲೆಕ್ಕ

ಉತ್ತರ ಧ್ರುವದ ಸುತ್ತಲಿನ ಆರ್ಕ್ಟಿಕ್ ಪ್ರದೇಶವು 1979ರಿಂದ ಈಚೆಗೆ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ ಎಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದ ಮೇಲೆ ಆ ಅಂಕಿ ಎಲ್ಲರ ಬಾಯಲ್ಲೂ ಓಡಾಡಿತು; ಆದರೆ ಈ ಏರಿಕೆಯಲ್ಲಿ ಹೆಚ್ಚಿನ ಪಾಲು ಚಳಿಗಾಲದ್ದು, ಬೇಸಿಗೆಯದು ಕಡಿಮೆ ಎಂಬ ಸಂಗತಿಗೆ ಅಷ್ಟು ಪ್ರಚಾರ ಸಿಗಲಿಲ್ಲ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿರುವ ನಿ-ಓಲೆಸುಂಡ್ ಎಂಬ ಸಂಶೋಧನಾ ಹಳ್ಳಿಯ ದಾಖಲೆಗಳನ್ನು ನೋಡಿದರೆ, 1990ರ ದಶಕದ ಆರಂಭದಿಂದ ಸುಮಾರು ಎರಡು ದಶಕಗಳ ಅವಧಿಯಲ್ಲಿ ಅಲ್ಲಿನ ಚಳಿಗಾಲದ ಉಷ್ಣಾಂಶ ದಶಕಕ್ಕೆ ಸುಮಾರು 3 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿರುವುದು ಕಾಣುತ್ತದೆ. ಹೀಗಿದ್ದರೂ ವಿಜ್ಞಾನಿಗಳು ಬಹುಕಾಲ ಅಲ್ಲಿಗೆ ಹೋಗುತ್ತಿದ್ದುದು ಬೇಸಿಗೆಯಲ್ಲೇ, ಏಕೆಂದರೆ ಹಡಗು ದಡ ಮುಟ್ಟುವುದೂ ಕಣ್ಣಿಗೆ ಬೆಳಕಿರುವುದೂ ಆಗಲೇ. ಬದಲಾವಣೆ ಅತಿ ಹೆಚ್ಚು ನಡೆಯುವ ತಿಂಗಳುಗಳೇ ದಾಖಲೆಯಲ್ಲಿ ಅತಿ ತೆಳುವಾಗಿ ಉಳಿದವು. ಆ ಕೊರತೆಯನ್ನು ತುಂಬಿಸಲು ಯಾರಾದರೂ ಶರತ್ಕಾಲದ ಕೊನೆಯ ಹಡಗನ್ನು ಬೀಳ್ಕೊಟ್ಟು ಅಲ್ಲೇ ಉಳಿಯಬೇಕಾಗಿತ್ತು. ಹೀಗೆ ಉಳಿಯುವುದು ಬೇಟೆಗಾರರ ಪಾಡಾಗಿದ್ದುದು ವಿಜ್ಞಾನದ ಪದ್ಧತಿಯಾಗಿ ಬೆಳೆದ ಕತೆ ನಾಲ್ಕು ಶತಮಾನಗಳಷ್ಟು ಉದ್ದದ್ದು.

ಧ್ರುವರಾತ್ರಿ ಎಂದರೆ ಭೂಮಿಯ ಅಕ್ಷದ ಓರೆಯಿಂದಾಗಿ ಸೂರ್ಯನು ದಿಗಂತದ ಮೇಲೆ ಬಾರದೇ ಇರುವ ಅವಧಿ. ಸುಮಾರು 79 ಡಿಗ್ರಿ ಉತ್ತರ ಅಕ್ಷಾಂಶದ ನಿ-ಓಲೆಸುಂಡ್‌ನಲ್ಲಿ ಇದು ಅಕ್ಟೋಬರ್ ಕೊನೆಯಿಂದ ಫೆಬ್ರುವರಿ ಮಧ್ಯದವರೆಗೆ ಇರುತ್ತದೆ. ಬಿಸಿಲೇ ಇಲ್ಲದ ಕಾಲದಲ್ಲಿ ತಾಪ ಏಕೆ ಏರಬೇಕು ಎಂಬ ಪ್ರಶ್ನೆ ಸಹಜವಾದುದು. ಬೇಸಿಗೆಯಲ್ಲಿ ಸಮುದ್ರದ ಮೇಲಿನ ಮಂಜುಗಡ್ಡೆ ಕರಗಿದಾಗ ಕಪ್ಪು ನೀರು ಬಿಸಿಲನ್ನು ಹೀರಿಕೊಂಡು, ಶರತ್ಕಾಲ ಮತ್ತು ಚಳಿಗಾಲದಲ್ಲಿ ಆ ಶಾಖವನ್ನು ಗಾಳಿಗೆ ಹಿಂತಿರುಗಿಸುತ್ತದೆ. ಚಳಿಗಾಲದಲ್ಲಿ ನೆಲಕ್ಕೆ ಅಂಟಿದ ಗಾಳಿ ತೀರ ತಣ್ಣಗಿದ್ದು ಅದರ ಮೇಲಿನ ಪದರ ಬೆಚ್ಚಗಿರುವ ವಿಲೋಮ ಸ್ಥಿತಿ ಏರ್ಪಡುವುದರಿಂದ, ಬಂದ ಶಾಖ ಮೇಲಕ್ಕೆ ಹರಡದೆ ತಳದಲ್ಲೇ ಉಳಿದುಬಿಡುತ್ತದೆ. ಇದರ ಜೊತೆಗೆ ಮೋಡಗಳು ನೆಲದಿಂದ ಹೊರಟ ಶಾಖಕಿರಣಗಳನ್ನು ಕಂಬಳಿಯಂತೆ ತಡೆಯುತ್ತವೆ. ಈ ಮೂರೂ ವ್ಯಾಪಾರಗಳು ಗಾಳಿಯನ್ನು ಬೆಚ್ಚಗಾಗಿಸುವುದು ಕತ್ತಲಲ್ಲೂ ನಡೆಯುವಂಥದು.

ವಿಲೋಮ ಪದರದ ಮೊದಲ ಸಾಕ್ಷ್ಯ ದೊರೆತದ್ದು ಅದರ ಹೆಸರೂ ಹುಟ್ಟದ ಕಾಲದಲ್ಲಿ, ಅದೂ ಒಂದು ಗುಡಿಸಲಿನಿಂದ. ಚೀನಾಕ್ಕೆ ಉತ್ತರದ ಕಡಲದಾರಿಯನ್ನು ಹುಡುಕುತ್ತ ಹೊರಟ ಡಚ್ ನಾವಿಕ ವಿಲ್ಲೆಮ್ ಬಾರೆಂಟ್ಸ್‌ನ ತಂಡ 1596ರಲ್ಲಿ ನೋವಾಯಾ ಜೆಮ್ಲ್ಯಾ ದ್ವೀಪದ ಬಳಿ ಮಂಜುಗಡ್ಡೆಗೆ ಸಿಕ್ಕಿಬಿದ್ದು, ಹಡಗಿನ ಹಲಗೆಗಳನ್ನೂ ದಡಕ್ಕೆ ತೇಲಿಬಂದ ಮರದ ದಿಮ್ಮಿಗಳನ್ನೂ ಬಳಸಿ ಮನೆಯೊಂದನ್ನು ಕಟ್ಟಿಕೊಂಡಿತು. ಡಿಸೆಂಬರ್‌ನಲ್ಲಿ ಚಳಿ ತಾಳಲಾರದೆ ಅವರು ಹಡಗಿನಿಂದ ತಂದ ಕಲ್ಲಿದ್ದಲನ್ನು ಉರಿಸಿ, ಬಿಸಿ ಹೊರಹೋಗದಿರಲೆಂದು ಹೊಗೆಗೂಡನ್ನೂ ಬಾಗಿಲ ಸಂದುಗಳನ್ನೂ ಮುಚ್ಚಿದ್ದರಿಂದ ಎಲ್ಲರಿಗೂ ತಲೆಸುತ್ತು ಬಂದು, ಒಬ್ಬನು ತಡವರಿಸುತ್ತ ಹೋಗಿ ಬಾಗಿಲು ತೆರೆದದ್ದರಿಂದ ತಂಡ ಉಳಿಯಿತು. ಬೆಚ್ಚಗಿರಲು ಮನೆಯನ್ನು ಬಿಗಿಯಾಗಿ ಮುಚ್ಚಬೇಕು, ಬದುಕಿರಲು ತೆರೆದಿಡಬೇಕು ಎಂಬ ಈ ಇಕ್ಕಟ್ಟು ಧ್ರುವಪ್ರದೇಶದ ಎಲ್ಲ ಗುಡಿಸಲುಗಳಿಗೂ ಅಂಟಿಕೊಂಡೇ ಬಂದಿದೆ. 1597ರ ಜನವರಿ 24ರಂದು, ಲೆಕ್ಕದ ಪ್ರಕಾರ ಬರಬೇಕಾದ ದಿನಕ್ಕಿಂತ ಸುಮಾರು ಎರಡು ವಾರ ಮೊದಲೇ, ದಿಗಂತದಲ್ಲಿ ಸೂರ್ಯನ ಅಂಚು ಕಂಡಿತೆಂದು ತಂಡದ ಹೆರಿಟ್ ಡಿ ವೇರ್ ಬರೆದಿಟ್ಟನು. ದಿನಗಳ ಎಣಿಕೆಯೇ ತಪ್ಪಿರಬೇಕೆಂದು ಯೂರೋಪಿನ ಪಂಡಿತರು ಬಹುಕಾಲ ಅವನನ್ನು ನಂಬಲಿಲ್ಲ. ತಣ್ಣನೆಯ ಮತ್ತು ಬೆಚ್ಚನೆಯ ಗಾಳಿಪದರಗಳ ನಡುವೆ ಬೆಳಕು ಬಾಗುತ್ತ ನೂರಾರು ಕಿಲೋಮೀಟರ್ ಸಾಗಿಬರುವುದರಿಂದ ದಿಗಂತದ ಕೆಳಗಿರುವ ಸೂರ್ಯನೂ ಕಾಣಬಲ್ಲನು ಎಂಬುದು ಇಂದು ಒಪ್ಪಿತವಾದ ವಿವರಣೆ; ಆ ವಿದ್ಯಮಾನ ಈಗ ನೋವಾಯಾ ಜೆಮ್ಲ್ಯಾ ಪರಿಣಾಮವೆಂದೇ ಹೆಸರಾಗಿದೆ.

ಡಿ ವೇರ್ ಬರೆದದ್ದು ಬದುಕುಳಿದವನ ದಿನಚರಿ. ಅದನ್ನು ವಿಧಾನವಾಗಿ ರೂಪಿಸಿದವನು ಆಸ್ಟ್ರಿಯಾ-ಹಂಗೆರಿ ನೌಕಾಪಡೆಯ ಅಧಿಕಾರಿ ಕಾರ್ಲ್ ವೈಪ್ರೆಕ್ಟ್. ಅವನ ಹಡಗು ಟೆಗೆಟ್‌ಹೋಫ್ 1872ರಲ್ಲಿ ಮಂಜುಗಡ್ಡೆಗೆ ಸಿಕ್ಕಿ, ಎರಡು ಚಳಿಗಾಲಗಳ ನಂತರ ತಂಡವು ಅದನ್ನು ಅಲ್ಲೇ ಬಿಟ್ಟು ಹಿಂತಿರುಗಬೇಕಾಯಿತು; ಆ ಪಯಣದಲ್ಲಿ ಫ್ರಾನ್ಸ್ ಜೋಸೆಫ್ ಲ್ಯಾಂಡ್ ಎಂಬ ಹೊಸ ದ್ವೀಪಸಮೂಹ ಸಿಕ್ಕಿದ್ದರೂ, ಭೂಪಟಕ್ಕೆ ಹೊಸ ಹೆಸರುಗಳನ್ನು ಸೇರಿಸುವ ಪೈಪೋಟಿಯಿಂದ ವಿಜ್ಞಾನಕ್ಕೆ ಆಗುವ ಲಾಭ ಅತ್ಯಲ್ಪ ಎಂಬ ನಿಲುವಿಗೆ ಅವನು ಬಂದನು. ಹಲವು ದೇಶಗಳು ಧ್ರುವದ ಸುತ್ತ ಸ್ಥಿರ ಕೇಂದ್ರಗಳನ್ನು ನೆಟ್ಟು, ಒಂದೇ ಬಗೆಯ ಉಪಕರಣಗಳಿಂದ ಒಂದೇ ಸಮಯಕ್ಕೆ ವರ್ಷವಿಡೀ ವಾಯುಭಾರ, ಉಷ್ಣಾಂಶ, ಭೂಕಾಂತತೆ ಮತ್ತು ಧ್ರುವಪ್ರಭೆಗಳನ್ನು ದಾಖಲಿಸಬೇಕೆಂದು 1875ರಲ್ಲಿ ಗ್ರಾತ್ಸ್ ನಗರದ ಸಮ್ಮೇಳನದಲ್ಲಿ ಅವನು ವಾದಿಸಿದನು. ಅದು ಮೊದಲ ಅಂತರರಾಷ್ಟ್ರೀಯ ಧ್ರುವವರ್ಷವಾಗಿ 1882-83ರಲ್ಲಿ ಕಾರ್ಯರೂಪಕ್ಕೆ ಬರುವ ಹೊತ್ತಿಗೆ ಕ್ಷಯರೋಗದಿಂದ ವೈಪ್ರೆಕ್ಟ್ ತೀರಿಕೊಂಡಿದ್ದನು.

ಆ ವರ್ಷದ ಕೇಂದ್ರಗಳ ಪೈಕಿ ಅಮೆರಿಕದ ಲೇಡಿ ಫ್ರಾಂಕ್ಲಿನ್ ಕೊಲ್ಲಿಯ ತಂಡದ ಪಾಡು ಕುಖ್ಯಾತವಾದುದು: ಎರಡು ವರ್ಷ ಸರಬರಾಜಿನ ಹಡಗು ತಲುಪದೆ ಹೋಗಿ, 25 ಮಂದಿಯಲ್ಲಿ ಜೀವಂತವಾಗಿ ಮನೆ ಸೇರಿದವರು ಆರೇ ಮಂದಿ. ಆದರೆ ಈ ಲೇಖನದ ದೃಷ್ಟಿಯಿಂದ ಹೆಚ್ಚು ಮುಖ್ಯವಾದುದು, ಯಾವ ದುರಂತವೂ ನಡೆಯದ ಕಾರಣಕ್ಕೇ ಕಡಿಮೆ ನೆನಪಾಗುವ ಸ್ವೀಡನ್ನಿನ ಕೇಂದ್ರ. ಸ್ವಾಲ್ಬಾರ್ಡಿನ ಕಾಪ್ ಥೋರ್ಡ್‌ಸನ್‌ನಲ್ಲಿ 1872ರಲ್ಲಿ ಗಣಿಗಾರಿಕೆಗೆಂದು ಕಟ್ಟಿದ ಮರದ ಮನೆಯೊಂದಿತ್ತು. ಅದೇ ಚಳಿಗಾಲದಲ್ಲಿ ಅಲ್ಲಿ ಆಶ್ರಯ ಪಡೆದ 17 ಸೀಲ್ ಬೇಟೆಗಾರರು ಸಾಲಾಗಿ ಸತ್ತಿದ್ದರು. ಸಾವಿಗೆ ಸ್ಕರ್ವಿ ರೋಗ ಕಾರಣವೆಂದು ಒಂದು ಶತಮಾನಕ್ಕೂ ಮೀರಿ ನಂಬಲಾಗಿತ್ತಾದರೂ, ಡಬ್ಬಿಗಳ ಬೆಸುಗೆಯಿಂದ ಆಹಾರಕ್ಕಿಳಿದ ಸೀಸದ ವಿಷವೇ ಕಾರಣವೆಂದು 2008ರ ಪರೀಕ್ಷೆಗಳು ತೋರಿಸಿದವು. ಹತ್ತು ವರ್ಷಗಳ ನಂತರ ಅದೇ ಮನೆಗೆ ನಿಲ್ಸ್ ಎಕ್‌ಹೋಲ್ಮ್ ಎಂಬ ಹವಾಮಾನಶಾಸ್ತ್ರಜ್ಞನ ತಂಡ ಬಂದು, ಚಳಿಗಾಲವಿಡೀ ಗಂಟೆಗೊಮ್ಮೆ ಉಪಕರಣಗಳನ್ನು ಓದಿ ಬರೆದುಕೊಂಡಿತು. ಕತ್ತಲ ಕಾಲ ಮುಗಿದಾಗ ಒಬ್ಬರ ಮುಖ ಒಬ್ಬರಿಗೆ ಹಳದಿಮಿಶ್ರಿತ ಹಸಿರಾಗಿ ಕಂಡದ್ದು ಚರ್ಮದ ದೋಷವೋ ಕಣ್ಣಿನದೋ ಎಂದು ತಿಳಿಯಲು, ತಂಡದ ಎಸ್.ಎ. ಆಂಡ್ರೆ ಬೆಳಕು ಮರಳಿದ ಮೇಲೂ ಒಂದು ತಿಂಗಳು ಹೊರಬರದೆ ಒಳಗೇ ಉಳಿದು, ಬದಲಾದದ್ದು ಚರ್ಮವೇ ಎಂದು ಸಾಬೀತುಪಡಿಸಿದನು. ಮುಂದೆ ಈ ಆಂಡ್ರೆ ಬಲೂನಿನಲ್ಲಿ ಧ್ರುವ ತಲುಪುವ ಯೋಜನೆ ಹೂಡಿದಾಗ ಎಕ್‌ಹೋಲ್ಮ್ ಮೊದಲು ಜೊತೆಗೂಡಿದ್ದರೂ, ಬಲೂನಿನಿಂದ ಜಲಜನಕ ಸೋರುವ ಪ್ರಮಾಣವನ್ನು ಲೆಕ್ಕ ಹಾಕಿ ಹಿಂದೆ ಸರಿದನು. ಆಂಡ್ರೆ 1897ರ ಆ ಯಾನದಿಂದ ಮರಳಲಿಲ್ಲ. ಉಳಿದ ಎಕ್‌ಹೋಲ್ಮ್ 1901ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕಲ್ಲಿದ್ದಲು ಉರಿಸುವುದರಿಂದ ವಾತಾವರಣದ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಭೂಮಿಯ ತಾಪ ಗಮನಾರ್ಹವಾಗಿ ಏರಬಹುದೆಂದು ವಾದಿಸಿದನು. ಧ್ರುವರಾತ್ರಿಯ ಲೆಕ್ಕ ಬರೆದ ಕೈಯೇ ಭೂತಾಪದ ಬಗೆಗಿನ ಮೊದಮೊದಲ ಬರಹಗಳಲ್ಲೊಂದನ್ನು ಬರೆದದ್ದು ಕಾಕತಾಳೀಯವೆಂದು ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ.

ಕರಾವಳಿಯ ಮನೆಯಿಂದ ಹಿಮದ ನಡುಮಧ್ಯಕ್ಕೆ ಈ ಪದ್ಧತಿಯನ್ನು ಒಯ್ದದ್ದು, ಖಂಡಗಳ ಚಲನೆಯ ಸಿದ್ಧಾಂತದಿಂದ ಹೆಸರಾದ ಆಲ್ಫ್ರೆಡ್ ವೆಗೆನರ್‌ನ 1930-31ರ ಗ್ರೀನ್‌ಲ್ಯಾಂಡ್ ಯಾತ್ರೆ. ಪಶ್ಚಿಮ ಕರಾವಳಿಯಿಂದ ಸುಮಾರು 400 ಕಿ.ಮೀ. ಒಳಗೆ, ಸುಮಾರು 3,000 ಮೀಟರ್ ಎತ್ತರದ ಹಿಮದ ಹಾಸಿನ ಮೇಲೆ ಐಸ್‌ಮಿಟ್ಟೆ ಎಂಬ ಕೇಂದ್ರ ಏಳಬೇಕಿತ್ತು. ಪ್ರೊಪೆಲ್ಲರ್ ಜೋಡಿಸಿದ ಜಾರುಬಂಡಿಗಳು ಕೈಕೊಟ್ಟದ್ದರಿಂದ ಚಳಿಗಾಲದ ಮನೆಯ ಭಾಗಗಳು ಅಲ್ಲಿಗೆ ತಲುಪಲೇ ಇಲ್ಲ. ಯೋಹಾನ್ನೆಸ್ ಗೆಯೋರ್ಗಿ ಮತ್ತು ಎರ್ನ್ಸ್ಟ್ ಸೋರ್ಗೆ ಗಟ್ಟಿಗೊಂಡ ಹಿಮವನ್ನೇ ಕೊರೆದು ಗುಹೆ ಮಾಡಿಕೊಂಡು ಅದರಲ್ಲಿ ನೆಲೆಸಿದರು. ಸರಬರಾಜು ತಲುಪಿಸಲು ಹೊರಟ ವೆಗೆನರ್ ಅಕ್ಟೋಬರ್ 30ರಂದು ಬಹುತೇಕ ಬರಿಗೈಯಲ್ಲಿ ತಲುಪಿ, ತನ್ನ 50ನೆಯ ಹುಟ್ಟುಹಬ್ಬದ ದಿನವಾದ ನವೆಂಬರ್ 1ರಂದು ಗ್ರೀನ್‌ಲ್ಯಾಂಡಿನ ರಾಸ್ಮುಸ್ ವಿಲ್ಲುಮ್ಸನ್ ಜೊತೆ ಹಿಂದಿರುಗಿ ಹೊರಟನು. ಇಬ್ಬರೂ ಕರಾವಳಿ ಸೇರಲಿಲ್ಲ. ಅವರೊಡನೆ ಬಂದಿದ್ದ ಫ್ರಿಟ್ಸ್ ಲೋವೆಯ ಹಿಮಕಡಿತಕ್ಕೊಳಗಾದ ಕಾಲ್ಬೆರಳುಗಳನ್ನು ಗೆಯೋರ್ಗಿ ಜೇಬುಚಾಕುವಿನಿಂದ ಕತ್ತರಿಸಬೇಕಾಯಿತು. ಇಷ್ಟೆಲ್ಲದರ ನಡುವೆ ಸೋರ್ಗೆ ಗುಹೆಯೊಳಗಿಂದಲೇ ಸುಮಾರು 15 ಮೀಟರ್ ಆಳದ ಬಾವಿ ತೋಡಿ, ಆಳಕ್ಕೆ ಹೋದಂತೆ ಹಿಮದ ಸಾಂದ್ರತೆ ಹೇಗೆ ಏರುತ್ತದೆ, ವರ್ಷವರ್ಷದ ಪದರಗಳನ್ನು ಹೇಗೆ ಗುರುತಿಸಬಹುದು ಎಂದು ಅಳೆದನು. ಇಂದು ಕಿಲೋಮೀಟರುಗಟ್ಟಲೆ ಮಂಜುಗಡ್ಡೆಯನ್ನು ಕೊರೆದು ತೆಗೆದು ಪ್ರಾಚೀನ ಹವಾಮಾನವನ್ನು ಓದುವ ವಿಜ್ಞಾನವು ಈ ಬಾವಿಯನ್ನು ತನ್ನ ಪೂರ್ವಸೂರಿಯೆಂದು ಪರಿಗಣಿಸುತ್ತದೆ. ಮನೆ ಬಂದಿದ್ದರೆ ಆ ಬಾವಿ ಅಷ್ಟು ಸುಲಭವಾಗಿ ಹುಟ್ಟುತ್ತಿತ್ತೇ ಎಂದು ಕೇಳಿಕೊಳ್ಳಬಹುದು.

ಆ ಬಳಿಕ ಸೋವಿಯತ್ ವಿಜ್ಞಾನಿಗಳು ತೇಲುವ ಮಂಜುಗಡ್ಡೆಯ ಮೇಲೆಯೇ ಡೇರೆ ಹಾಕಿದರು. ನಿ-ಓಲೆಸುಂಡ್‌ನ ಕಲ್ಲಿದ್ದಲ ಗಣಿಯು 1962ರ ಸ್ಫೋಟದಲ್ಲಿ 21 ಮಂದಿಯನ್ನು ಬಲಿ ತೆಗೆದುಕೊಂಡು ಮುಚ್ಚಿದ ನಂತರ ಗಣಿಕಾರ್ಮಿಕರ ಮನೆಗಳೇ ಕ್ರಮೇಣ ಹಲವು ದೇಶಗಳ ಪ್ರಯೋಗಾಲಯಗಳಾದವು. ಅಲ್ಲಿನ ಚಳಿಗಾಲ ಈಗ ಕಷ್ಟದ್ದಾದರೂ ಒಂಟಿತನದ್ದಲ್ಲ. ಹಳೆಯ ಅರ್ಥದ ಗುಡಿಸಲು ವಾಸವನ್ನು ಮತ್ತೆ ಕೈಗೆತ್ತಿಕೊಂಡವರು ನಾರ್ವೆಯ ಹಿಲ್ಡೆ ಫೋಲುನ್ ಸ್ಟ್ರೋಮ್ ಮತ್ತು ಕೆನಡಾದ ಸುನ್ನಿವಾ ಸೋರ್ಬಿ. 2019ರ ಸೆಪ್ಟೆಂಬರ್‌ನಲ್ಲಿ ಅವರು ನೆಲೆಸಿದ ಬಾಮ್ಸೆಬು ಎಂಬ ಗುಡಿಸಲು, ಬೆಲುಗಾ ತಿಮಿಂಗಿಲದ ಬೇಟೆಗಾಗಿ 1930ರಲ್ಲಿ ಕಟ್ಟಿದ್ದು; ಸುಮಾರು 20 ಚದರ ಮೀಟರ್, ಅಂದರೆ 215 ಚದರ ಅಡಿಯಷ್ಟು ಜಾಗ, ಹತ್ತಿರದ ಪಟ್ಟಣ ಲಾಂಗ್ಯಿಯರ್‌ಬೀನ್ ಸುಮಾರು 140 ಕಿ.ಮೀ. ದೂರ, ವಿದ್ಯುತ್ತಿಲ್ಲ, ನಲ್ಲಿಯಿಲ್ಲ. ಹೊರಗೆ ಇಂದಿಗೂ ಬೆಲುಗಾ ಮೂಳೆಗಳ ರಾಶಿ ಬಿದ್ದಿದೆ.

ಇಂಥ ಕಡೆ ಸಂಸಾರ ಹೂಡುವುದೆಂದರೆ ಮೊದಲು ಸೌದೆಯ ಲೆಕ್ಕ, ಆಮೇಲೆ ನೀರಿನದು. ಹೊಸದಾಗಿ ಬಿದ್ದ ಹಿಮದಲ್ಲಿ ಗಾಳಿಯೇ ಹೆಚ್ಚಾದ್ದರಿಂದ ಪಾತ್ರೆ ತುಂಬ ತುರುಕಿ ಕರಗಿಸಿದರೂ ತಳದಲ್ಲಿ ಒಂದಿಷ್ಟು ನೀರು ನಿಲ್ಲುತ್ತದೆ. ಗಟ್ಟಿ ಮಂಜುಗಡ್ಡೆಯ ತುಂಡು ಸಿಕ್ಕರೆ ಅದೇ ಸೌದೆಗೆ ಹಲವು ಪಟ್ಟು ನೀರು ದೊರೆಯುತ್ತದೆ. ಅಡುಗೆಯ ಆವಿ, ಉಸಿರಿನ ತೇವ ತಣ್ಣನೆಯ ಗೋಡೆ, ಕಿಟಕಿಗಳ ಮೇಲೆ ಹೆಪ್ಪುಗಟ್ಟುತ್ತವೆ. ಹಿಮಕರಡಿಯ ಭಯದಿಂದ ಹೊರಗಿನ ಸಣ್ಣ ಕೆಲಸಕ್ಕೂ ಬಂದೂಕು, ಬೆದರಿಸುವ ಬೆಳಕಿನ ಗುಂಡು ಜೊತೆಗಿರಬೇಕು. ಆ ಇಬ್ಬರ ಕಾವಲಿಗೆ ಎಟ್ರಾ ಎಂಬ ನಾಯಿಯಿತ್ತು. ವೃತ್ತಿಯಿಂದ ವಿಜ್ಞಾನಿಗಳಲ್ಲದ ಅವರು ಮಾಡಿದ್ದು ನಾಗರಿಕ ವಿಜ್ಞಾನ, ಅಂದರೆ ಸಂಸ್ಥೆಗಳು ಹೇಳಿಕೊಟ್ಟ ಕ್ರಮದಲ್ಲಿ ಸಾಮಾನ್ಯರು ಮಾಹಿತಿ ಕೂಡಿಸುವ ಕೆಲಸ. ನಾಸಾಕ್ಕಾಗಿ ಮೋಡಗಳ ವೀಕ್ಷಣೆ, ಅಮೆರಿಕದ ಸ್ಕ್ರಿಪ್ಸ್ ಸಾಗರ ಸಂಸ್ಥೆಗಾಗಿ ಪ್ಲಾಂಕ್ಟನ್ ಎಂಬ ಸೂಕ್ಷ್ಮಜೀವಿಗಳ ನೀರಿನ ಮಾದರಿ, ಸ್ವಾಲ್ಬಾರ್ಡ್ ವಿಶ್ವವಿದ್ಯಾಲಯ ಕೇಂದ್ರಕ್ಕಾಗಿ ಸಮುದ್ರದ ಮಂಜುಗಡ್ಡೆ ಅದರಲ್ಲಿ ಸೇರಿದ್ದವು. ಕೋವಿಡ್‌ನಿಂದಾಗಿ 2020ರ ಮೇ ತಿಂಗಳಲ್ಲಿ ಕರೆದೊಯ್ಯಬೇಕಿದ್ದ ಹಡಗು ಬರಲಿಲ್ಲ. ಅವರು 2020-21ರ ಚಳಿಗಾಲವನ್ನೂ ಬಾಮ್ಸೆಬುವಿನಲ್ಲಿಯೇ ಕಳೆದರು.

ಎರಡು ಚಳಿಗಾಲದ ಮೋಡಗಳ ಟಿಪ್ಪಣಿಯಿಂದ ಹವಾಮಾನದ ಒಲವು ತಿಳಿಯದು ಎಂಬುದನ್ನು ನಿಷ್ಠುರವಾಗಿಯೇ ಹೇಳಬೇಕು. ಅಂಥ ಒಲವು ತಿಳಿಯಲು ದಶಕಗಳು ಬೇಕು. ಆದರೆ ಬಿಳಿ ನೆಲದ ಮೇಲಿನ ಬಿಳಿ ಮೋಡವನ್ನು, ಅದೂ ಕತ್ತಲಲ್ಲಿ, ಬೇರ್ಪಡಿಸುವುದು ಉಪಗ್ರಹಗಳಿಗೆ ಕಷ್ಟವಾದ್ದರಿಂದ, ಕೆಳಗೆ ನಿಂತವರ ಒಂದು ಸಾಲಿನ ಟಿಪ್ಪಣಿಯೂ ಉಪಗ್ರಹದ ಲೆಕ್ಕವನ್ನು ಒರೆಗೆ ಹಚ್ಚಲು ಉಪಯೋಗಕ್ಕೆ ಬರುತ್ತದೆ. ಯಂತ್ರಗಳು ಬಂದ ಮೇಲೆ ಮನುಷ್ಯರೇಕೆ ಎಂಬ ವಾದಕ್ಕೆ ನಿ-ಓಲೆಸುಂಡ್‌ನಲ್ಲಿ ಇನ್ನೂ ಗಟ್ಟಿಯಾದ ಉತ್ತರಗಳಿವೆ. ಚಳಿಗಾಲದ ಕಡಲು ನಿದ್ರಿಸುತ್ತದೆಂಬ ನಂಬಿಕೆಯನ್ನು, ಅಲ್ಲಿನ ಕಾಂಗ್ಸ್‌ಫ್ಯೋರ್ಡ್ ಎಂಬ ಕಡಲ ಚಾಚಿನಲ್ಲಿ ಧ್ರುವರಾತ್ರಿಯಲ್ಲೇ ಬಲೆ ಇಳಿಸಿದವರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಬುಡಮೇಲು ಮಾಡಿತು: ಸಣ್ಣ ಜೀವಿಗಳು ಆಗಲೂ ತಿನ್ನುತ್ತ, ಬೆಳೆಯುತ್ತ, ಸಂತಾನೋತ್ಪತ್ತಿ ಮಾಡುತ್ತ ಇದ್ದವು. 2012ರ ಜನವರಿ 30ರಂದು ಅದೇ ಹಳ್ಳಿಯಲ್ಲಿ ಒಂದೇ ದಿನ 98 ಮಿ.ಮೀ. ಮಳೆ ಸುರಿಯಿತು. ಅದನ್ನು ಮಾಪಕ ತಾನಾಗಿಯೇ ದಾಖಲಿಸಬಲ್ಲದು. ಆದರೆ ಆ ಮಳೆನೀರು ಹಿಮದಡಿ ಹೆಪ್ಪುಗಟ್ಟಿ ನೆಲಕ್ಕೆ ಗಾಜಿನಂಥ ಹೊದಿಕೆಯಾಗಿ, ಮೇವು ಸಿಗದೆ ಹಿಮಸಾರಂಗಗಳು ಸತ್ತದ್ದನ್ನು ತಿಳಿಯಲು ನೆಲದ ಮೇಲೆ ನಡೆದು ಕೊರೆದು ನೋಡಬೇಕಾಯಿತು. 2025ರ ಫೆಬ್ರುವರಿಯಲ್ಲಿ ಹೊಸ ಹಿಮದ ಮಾದರಿಗೆಂದು ಹೋದ ಸಂಶೋಧಕರಿಗೆ ಅಲ್ಲಿ ಕಂಡದ್ದು ಕರಗಿದ ನೀರಿನ ಹೊಂಡಗಳು.

ಭಾರತ ಈ ಸರಣಿಗೆ ಸೇರಿದ್ದು ತಡವಾಗಿ. ನಿ-ಓಲೆಸುಂಡ್‌ನಲ್ಲಿ 2008ರ ಜುಲೈ 1ರಂದು ತೆರೆದ ಹಿಮಾದ್ರಿ ಕೇಂದ್ರದಲ್ಲಿ ಹದಿನೈದು ವರ್ಷಗಳ ಕಾಲ ವರ್ಷಕ್ಕೆ ಸುಮಾರು 180 ದಿನ ಮಾತ್ರ ಜನವಿರುತ್ತಿದ್ದರು. ಮೊದಲ ಚಳಿಗಾಲದ ತಂಡ 2023ರ ಡಿಸೆಂಬರ್‌ನಲ್ಲಿ ಹೊರಟಿತು. ಅದರಲ್ಲಿ ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ, ಮಂಡಿಯ ಐಐಟಿ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಗಳ ಜೊತೆಗೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಇತ್ತು. ರಾಮನ್ ಸಂಸ್ಥೆಯವರ ಆಸಕ್ತಿ ಹವಾಮಾನವಲ್ಲ. ವಿಶ್ವದ ಮೊದಲ ನಕ್ಷತ್ರಗಳ ಕಾಲದಿಂದ ಬರುವ ಅತಿ ಕ್ಷೀಣ ರೇಡಿಯೋ ಸಂಕೇತಕ್ಕಾಗಿ 2020ರಲ್ಲಿ ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನ ಮೇಲೆ ಆಂಟೆನಾ ತೇಲಿಬಿಟ್ಟಿದ್ದ ಸಂಸ್ಥೆ ಅದು. ಭೂಮಾಪನದ ಸೂಕ್ಷ್ಮ ಉಪಕರಣಗಳಿಗಾಗಿ ಮೊಬೈಲ್, ವೈಫೈಗಳನ್ನು ನಿಷೇಧಿಸಿರುವ ಹಳ್ಳಿಯಲ್ಲಿ ರೇಡಿಯೋ ಗದ್ದಲ ಎಷ್ಟು ಕಡಿಮೆಯೆಂದು ಅಳೆಯುವುದು ಅದರ ಕೆಲಸವಾಗಿತ್ತು.

ಹಿಮಾದ್ರಿಯ ಚಳಿಗಾಲದ ತಂಡಗಳು 30ರಿಂದ 45 ದಿನಗಳಿಗೊಮ್ಮೆ ಬದಲಾಗುವಂತೆ ಯೋಜಿಸಲಾಗಿದೆ. ನೆರೆಯಲ್ಲೇ ಇರುವ ಜರ್ಮನ್-ಫ್ರೆಂಚ್ ಕೇಂದ್ರದಲ್ಲಾದರೋ ಅದೇ ಸಿಬ್ಬಂದಿ ವರ್ಷವಿಡೀ ಉಳಿದು, ದಿನವೂ ಮಾಪಕ ಕಟ್ಟಿದ ಬಲೂನನ್ನು ಆಕಾಶಕ್ಕೆ ಬಿಡುತ್ತಾರೆ. ಹೆಚ್ಚು ಸಂಸ್ಥೆಗಳಿಗೆ ಅವಕಾಶ ಸಿಗುವುದು ಮೊದಲನೆಯ ಕ್ರಮದಲ್ಲೇ ಎಂಬುದು ನಿಜ. ಆದರೆ ವೈಪ್ರೆಕ್ಟ್ ಕೇಳಿದ್ದು ಒಂದೇ ಬಗೆಯ ಉಪಕರಣ, ಒಂದೇ ಕ್ರಮ, ತುಂಡಾಗದ ಒಂದು ವರ್ಷ. ಹಿಮಾದ್ರಿಯಲ್ಲಿ ಅದಕ್ಕೆ ಇಬ್ಬರು ತಂತ್ರಜ್ಞರನ್ನಾದರೂ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಅಲ್ಲೇ ಇರಿಸಬೇಕಾಗುತ್ತದೆ.