ನಡಿಗೆಯೊಡನೆ ಎಣಿಕೆ

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಮಂದಿಯ ಸ್ಥಿತಿಯನ್ನು ವರ್ಣಿಸಿ, ಇಂದು ಆತನ ಹೆಸರಿನಿಂದಲೇ ಕರೆಯಲ್ಪಡುವ ನಡುಕದ ವ್ಯಾಧಿಯ ವಿಷಯವಾಗಿ ಕಿರುಗ್ರಂಥವೊಂದನ್ನು ಪ್ರಕಟಿಸಿದಾಗ, ಇದರಿಂದ ಬುದ್ಧಿಗೆ ಹಾನಿಯಿಲ್ಲವೆಂದು ಬರೆದನು. ಆತನ ಸೂಕ್ಷ್ಮದೃಷ್ಟಿಯನ್ನು ಮನಸಾರೆ ಗೌರವಿಸುತ್ತಲೇ, ಈ ಒಂದು ಮಾತನ್ನು ಕಾಲವು ತಿದ್ದಿತೆಂದು ಹೇಳಬೇಕಾಗಿದೆ.

ಈ ವ್ಯಾಧಿಯಲ್ಲಿ ನಡುಮಿದುಳಿನ ಕಪ್ಪುಛಾಯೆಯ ಜೀವಕೋಶಗಳು ಕ್ಷೀಣಿಸಿ, ಡೋಪಮಿನ್ ಎಂಬ ರಾಸಾಯನಿಕವು ವಿರಳವಾಗುತ್ತ ಬಂದಂತೆ, ಬಾಲ್ಯದಿಂದ ಪ್ರಯತ್ನವಿಲ್ಲದೆ ನಡೆದುಬಂದ ಕ್ರಿಯೆಗಳೆಲ್ಲ ಪ್ರಯತ್ನಸಾಧ್ಯವಾಗತೊಡಗುತ್ತವೆ. ಒಂದೊಂದು ಹೆಜ್ಜೆಗೂ ಚಿತ್ತದ ಅಪ್ಪಣೆ ಬೇಕಾಗುತ್ತದೆ. ರೋಗಿಗಳು ಅಂಗಳದಲ್ಲಿ ನಡೆಯುತ್ತಿರುವಾಗ ಒಳಗಿನಿಂದ ಯಾರಾದರೂ “ಮಾತ್ರೆ ತೆಗೆದುಕೊಂಡಿರಾ?” ಎಂದು ಕೇಳಿದರೆ ಸಾಕು, ಉತ್ತರ ಹುಡುಕಹೊರಟ ಮನಸ್ಸು ಪಾದವನ್ನು ಮರೆಯುತ್ತದೆ, ಹೆಜ್ಜೆ ಕಿರಿದಾಗುತ್ತದೆ, ಒಮ್ಮೊಮ್ಮೆ ಕಾಲು ನೆಲಕ್ಕೆ ಅಂಟಿದಂತೆ ನಿಂತೇಬಿಡುತ್ತದೆ.

ಆದುದರಿಂದ ನಡೆಯುವಾಗ ಮಾತು ಬೇಡ, ಬೇರೆ ಯೋಚನೆ ಬೇಡ ಎಂಬ ಉಪದೇಶವು ಬಹುಕಾಲ ರೂಢಿಯಲ್ಲಿದ್ದಿತು. ಅದರ ಹಿಂದಿನ ಕಾಳಜಿ ನಿಜವಾದುದೇ. ಆದರೆ ಮೌನವಾಗಿ ಮಾತ್ರ ನಡೆಯಬೇಕಾದ ಮನುಷ್ಯನ ಬಾಳು ಎಷ್ಟು ಸಂಕುಚಿತವಾಗುವುದೆಂಬುದನ್ನು ಯೋಚಿಸಿದರೆ ಮನಸ್ಸು ನೋಯುತ್ತದೆ. ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ ದೇಶಗಳ ಸಂಶೋಧಕರು 121 ರೋಗಿಗಳಿಗೆ ಆರು ವಾರ ಶಿಕ್ಷಣವಿತ್ತು, 2017ರಲ್ಲಿ ಪ್ರಕಟಿಸಿದ ಅಧ್ಯಯನವು ನಡೆಯುತ್ತ ಯೋಚಿಸಿದರೆ ಬಿದ್ದಾರೆಂಬ ಶಂಕೆಯನ್ನು ಬಹುಮಟ್ಟಿಗೆ ಪರಿಹರಿಸಿತು. ಒಂದು ಗುಂಪಿನವರು ನಡಿಗೆಯನ್ನೂ ಬುದ್ಧಿಯ ಅಭ್ಯಾಸವನ್ನೂ ಬೇರೆಬೇರೆಯಾಗಿ, ಇನ್ನೊಂದು ಗುಂಪಿನವರು ಎರಡನ್ನೂ ಕೂಡಿಸಿ ಸಾಧಿಸಿದರು. ಯೋಚಿಸುತ್ತ ನಡೆಯುವ ವೇಗವು ಎರಡೂ ಗುಂಪುಗಳಲ್ಲಿ ಸಮಾನವಾಗಿ ವರ್ಧಿಸಿತು, ಬೀಳುವ ಅಪಾಯವು ಗಣನೀಯವಾಗಿ ಹೆಚ್ಚಲಿಲ್ಲ. ಕೂಡಿಸಲು ಅಂಜುವವರು ಬಿಡಿಬಿಡಿಯಾಗಿಯೇ ಆರಂಭಿಸಬಹುದೆಂಬ ಧೈರ್ಯವನ್ನು ನಾನು ಇದರಿಂದ ಪಡೆಯುತ್ತೇನೆ.

ಅಭ್ಯಾಸಕ್ಕೆ ಯಂತ್ರೋಪಕರಣಗಳೇನೂ ಅನಿವಾರ್ಯವಲ್ಲ. ನೂರರಿಂದ ಮೂರು ಮೂರು ಕಳೆಯುತ್ತ ನಡೆಯುವುದು, ‘ಕ’ಕಾರದಿಂದ ಮೊದಲಾಗುವ ಊರುಗಳನ್ನು ಹೇಳುತ್ತ ತಿರುಗುವುದು, ಬರಿಯ ತಟ್ಟೆಯೊಂದನ್ನು ಹಿಡಿದು ಸಂಭಾಷಿಸುವುದು, ಇವೆಲ್ಲವೂ ಸಲ್ಲುತ್ತವೆ. ಲೆಕ್ಕವೆಂದರೆ ಬೇಸರಪಡುವವರ ಮೇಲೆ ಲೆಕ್ಕವನ್ನೇ ಹೇರುವುದು ನನಗೆ ಸರಿತೋರದು. ಸಂಗೀತ ಬಲ್ಲವರು ಆದಿತಾಳದ ಎಂಟು ಎಣಿಕೆಗಳಿಗೆ ಹೆಜ್ಜೆಯಿಡಲಿ, ವ್ಯಾಪಾರ ಮಾಡಿದವರು ಹಳೆಯ ಧಾರಣೆಗಳನ್ನು ನೆನೆಯಲಿ.

ಮೊದಲಿಗೆ ಭೌತಚಿಕಿತ್ಸಕರ ಪರೀಕ್ಷೆ ಅವಶ್ಯಕ. ಮೇಲಿಂದಮೇಲೆ ಬೀಳುವವರು, ನಡುವೆ ಕಾಲು ಕಟ್ಟಿಕೊಳ್ಳುವವರು ಒಂಟಿಯಾಗಿ ಇದಕ್ಕೆ ತೊಡಗಬಾರದು. ಮಾತ್ರೆಯ ಗುಣವು ಚೆನ್ನಾಗಿ ಹತ್ತಿರುವ ಹೊತ್ತನ್ನೇ ಆರಿಸಿಕೊಂಡು, ಮಗ್ಗುಲಲ್ಲಿ ಮನೆಯವರೊಬ್ಬರು ಜೊತೆಗೂಡಿ ನಡೆಯುತ್ತ, ಹೆಜ್ಜೆ ತಡವರಿಸಿದೊಡನೆ ಪ್ರಶ್ನೆಯನ್ನು ನಿಲ್ಲಿಸಿ, ನಡಿಗೆ ಮರಳಿ ಹದಕ್ಕೆ ಬಂದ ಮೇಲೆಯೇ ಮುಂದಿನದನ್ನು ಕೇಳಬೇಕು.