ಕಷ್ಟದ ದಿನಗಳಲ್ಲಿ ಕಾದಂಬರಿ ಹಿಡಿದು ಕೂರುವ ಮಕ್ಕಳು: ಅದು ಪಲಾಯನವೇ, ಆಸರೆಯೇ?

ಪರೀಕ್ಷೆ ಹತ್ತಿರ ಬಂದಿದೆ, ಅಥವಾ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ, ಇಲ್ಲವೇ ಅಪ್ಪನ ಕೆಲಸ ಹೋಗಿದೆ. ಇಂಥ ಹೊತ್ತಿನಲ್ಲಿ ಹದಿನಾಲ್ಕು, ಹದಿನೈದು ವರ್ಷದ ಮಗಳು ಮೂಲೆಯಲ್ಲಿ ಕೂತು ಕತೆಪುಸ್ತಕ ಓದುತ್ತಿದ್ದರೆ ಮನೆಯವರಿಗೆ ರೇಗುತ್ತದೆ. "ಇದೊಂದು ಕಮ್ಮಿ ಆಗಿತ್ತು" ಎಂಬ ಮಾತು ಬರುತ್ತದೆ. ಕಾದಂಬರಿ ಓದುವ ಮಕ್ಕಳು ಕನಸಿನ ಲೋಕದಲ್ಲಿ ಕಳೆದುಹೋಗುತ್ತಾರೆ, ನಿಜ ಜೀವನ ಎದುರಿಸಲು ಅವರಿಗೆ ಬರುವುದಿಲ್ಲ ಎಂಬುದು ನಮ್ಮಲ್ಲಿ ಹಳೆಯ ನಂಬಿಕೆ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ನಂಬಿಕೆ ಈಗ ಮೊಬೈಲಿನಲ್ಲಿ ಓಡಾಡುತ್ತಿದೆ. "ಆರೇ ನಿಮಿಷ ಓದಿದರೆ ಮನಸ್ಸಿನ ಒತ್ತಡ ಶೇ 68ರಷ್ಟು ಇಳಿಯುತ್ತದೆ, ಇದು ವಿಜ್ಞಾನಿಗಳು ಕಂಡುಕೊಂಡ ಸತ್ಯ" ಎಂಬ ಸಂದೇಶ ನಿಮಗೂ ಬಂದಿರಬಹುದು. ಎರಡನ್ನೂ ಸ್ವಲ್ಪ ಪರೀಕ್ಷಿಸಿ ನೋಡೋಣ.

ಶೇ 68 ಎಲ್ಲಿಂದ ಬಂತು?

ಈ ಸಂಖ್ಯೆ ಹುಟ್ಟಿದ್ದು 2009ರಲ್ಲಿ, ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಒಂದು ಸಲಹಾ ಸಂಸ್ಥೆಯಲ್ಲಿ. ಓದುವವರ ಹೃದಯ ಬಡಿತ ಮತ್ತು ಸ್ನಾಯುಗಳ ಬಿಗಿತವನ್ನು ಅಲ್ಲಿ ಅಳೆದಿದ್ದರು. ಪತ್ರಿಕೆಗಳು ಅದನ್ನು ದೊಡ್ಡದಾಗಿ ಪ್ರಕಟಿಸಿದವು. ಆದರೆ ಅದನ್ನು ಮಾಡಿಸಿದ್ದು ಚಾಕೊಲೇಟ್ ತಯಾರಿಸುವ ಒಂದು ಬ್ರ್ಯಾಂಡ್, ತನ್ನ ಪುಸ್ತಕ ಹಂಚುವ ಪ್ರಚಾರಕ್ಕಾಗಿ. ಇತರ ವಿಜ್ಞಾನಿಗಳು ಪರಿಶೀಲಿಸುವ ಯಾವ ವೈಜ್ಞಾನಿಕ ಪತ್ರಿಕೆಯಲ್ಲೂ ಅದು ಬರಲಿಲ್ಲ, ಭಾಗವಹಿಸಿದವರೂ ಬೆರಳೆಣಿಕೆಯಷ್ಟು. ಓದಿದರೆ ಮೈ ಮನಸ್ಸು ಸಡಿಲವಾಗಬಹುದು ಎಂಬುದರಲ್ಲಿ ತಪ್ಪಿಲ್ಲ. ಆ ನಿಖರ ಸಂಖ್ಯೆಯನ್ನು ಮಾತ್ರ ನಂಬಬೇಡಿ.

ಇಂಥದ್ದೇ ಇನ್ನೊಂದು ಕತೆ 2013ರದ್ದು. ಒಳ್ಳೆಯ ಸಾಹಿತ್ಯದ ಕೆಲವು ಪುಟ ಓದಿದ ಕೂಡಲೇ ಬೇರೆಯವರ ಮನಸ್ಸು ಅರಿಯುವ ಶಕ್ತಿ ಹೆಚ್ಚುತ್ತದೆ ಎಂದು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಬೇರೆ ತಂಡಗಳು ಅದನ್ನು ಮತ್ತೆ ಮಾಡಿ ನೋಡಿದಾಗ ಅದೇ ಫಲಿತಾಂಶ ಸಿಗಲಿಲ್ಲ. ಅಂದರೆ ಕಾದಂಬರಿ ಮಾತ್ರೆಯಲ್ಲ, ನುಂಗಿದ ತಕ್ಷಣ ಕೆಲಸ ಮಾಡಲು.

ಹಾಗಾದರೆ ಹಿತ ಎನ್ನಿಸುವುದು ಏಕೆ?

ಹದಿಹರೆಯದ ಒಂದು ಗುಣವನ್ನು ಅಮೆರಿಕದ ಮನೋವಿಜ್ಞಾನಿ ಡೇವಿಡ್ ಎಲ್ಕಿಂಡ್ 1967ರಲ್ಲೇ ವಿವರಿಸಿದ್ದರು. ಈ ವಯಸ್ಸಿನವರಿಗೆ ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ ಎನ್ನಿಸುತ್ತದೆ. ಜೊತೆಗೆ, ತಮಗಾಗುತ್ತಿರುವುದು ಜಗತ್ತಿನಲ್ಲಿ ಬೇರಾರಿಗೂ ಆಗಿಲ್ಲ ಎಂದೂ ಅನ್ನಿಸುತ್ತದೆ. "ನಿಮಗೆ ಅರ್ಥ ಆಗಲ್ಲ ಬಿಡಮ್ಮ" ಎಂಬ ಮಾತನ್ನು ದಿನಕ್ಕೆ ನಾಲ್ಕು ಸಲ ಕೇಳುವ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೋವು ಎಷ್ಟಿದೆಯೋ ಅಷ್ಟೇ ಭಾರ ಈ ಒಂಟಿತನಕ್ಕೂ ಇರುತ್ತದೆ.

ಹೀಗಿರುವ ಹುಡುಗನ ಕೈಗೆ ಒಂದು ಕಾದಂಬರಿ ಸಿಗುತ್ತದೆ ಎಂದುಕೊಳ್ಳಿ. ಅದರಲ್ಲಿರುವ ಹುಡುಗನಿಗೂ ಭಯವಿದೆ, ನಾಚಿಕೆಯಿದೆ, ಅಪ್ಪನ ಮೇಲೆ ಸಿಟ್ಟಿದೆ. ಅವನ ತಲೆಯೊಳಗೆ ನಡೆಯುವುದೆಲ್ಲ ಪುಟದ ಮೇಲಿದೆ. ನಿಜವಾದ ಗೆಳೆಯ ಕೂಡ ಅಷ್ಟು ಬಿಚ್ಚಿ ಹೇಳುವುದಿಲ್ಲ. ಓದುವ ಹುಡುಗ ಯಾರಿಗೂ ಏನನ್ನೂ ಒಪ್ಪಿಸದೆ, ಯಾರ ಪ್ರಶ್ನೆಗೂ ಉತ್ತರಿಸದೆ, "ನನ್ನ ಹಾಗೆ ಇನ್ನೊಬ್ಬ ಇದ್ದಾನೆ" ಎಂದು ತಿಳಿದುಕೊಳ್ಳುತ್ತಾನೆ. ತನಗಾಗಿ ಅಳಲು ಆಗದವನು ಪಾತ್ರಕ್ಕಾಗಿ ಅಳಬಲ್ಲ. ಬೇಡವೆನಿಸಿದರೆ ಪುಸ್ತಕ ಮುಚ್ಚಬಹುದು. ಉಪದೇಶ ಮಾಡುವ ಹಿರಿಯರನ್ನು ಹಾಗೆ ಮುಚ್ಚಿಡಲು ಆಗುವುದಿಲ್ಲವಲ್ಲ!

ಇದಕ್ಕೆ ಒಂದಿಷ್ಟು ಪುರಾವೆಯೂ ಇದೆ. ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಶೈರಾ ಗೇಬ್ರಿಯಲ್ ಮತ್ತು ಅರಿಯಾನಾ ಯಂಗ್ 2011ರಲ್ಲಿ 140 ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ನಡೆಸಿದರು. ಕೆಲವರಿಗೆ 'ಹ್ಯಾರಿ ಪಾಟರ್', ಉಳಿದವರಿಗೆ 'ಟ್ವೈಲೈಟ್' ಕಾದಂಬರಿಯ ಭಾಗವನ್ನು ಅರ್ಧ ಗಂಟೆ ಓದಲು ಕೊಟ್ಟರು. ನಂತರದ ಪರೀಕ್ಷೆಯಲ್ಲಿ ಮೊದಲ ಗುಂಪಿನವರು ಗೊತ್ತಿಲ್ಲದಂತೆಯೇ ತಮ್ಮನ್ನು ಮಾಂತ್ರಿಕರ ಜೊತೆ, ಎರಡನೆಯವರು ರಕ್ತಪಿಶಾಚಿಗಳ ಜೊತೆ ಗುರುತಿಸಿಕೊಂಡಿದ್ದರು. ಹೀಗೆ ಒಂದು ಬಳಗಕ್ಕೆ ಸೇರಿದ ಭಾವ ಬಂದವರಲ್ಲಿ ತೃಪ್ತಿ, ಸಂತೋಷವೂ ಕಂಡಿತು. ಮನುಷ್ಯನಿಗೆ ಬೇಕಾದ "ನಾನೂ ಒಂದು ಗುಂಪಿನವನು" ಎಂಬ ಭಾವವನ್ನು ಕಲ್ಪಿತ ಗುಂಪು ಕೂಡ ಸ್ವಲ್ಪ ಮಟ್ಟಿಗೆ ಕೊಡಬಲ್ಲದು ಎಂಬುದು ಅವರ ವಾದ. ಒಂದು ಪ್ರಯೋಗದಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ. ಆದರೂ ಓದುವ ಮಕ್ಕಳನ್ನು ಹತ್ತಿರದಿಂದ ನೋಡಿದವರ ಅನುಭವಕ್ಕೆ ಇದು ಹೊಂದುತ್ತದೆ.

ಪುಸ್ತಕದಿಂದ ಮನಸ್ಸಿಗೆ ಚಿಕಿತ್ಸೆ ಎಂಬ ಯೋಚನೆಗೆ 'ಬಿಬ್ಲಿಯೋಥೆರಪಿ' ಎಂಬ ಹೆಸರು ಬಂದದ್ದು 1916ರಲ್ಲಿ, ಒಂದು ಅಮೆರಿಕನ್ ಮಾಸಪತ್ರಿಕೆಯ ಲಘು ಲೇಖನದಲ್ಲಿ. ಇಲ್ಲೊಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಸೌಮ್ಯ ಖಿನ್ನತೆಗೆ ಪುಸ್ತಕ ಓದುವುದು ನೆರವಾಗುತ್ತದೆ ಎಂದು ತೋರಿಸಿರುವ ಅಧ್ಯಯನಗಳು ಹೆಚ್ಚಾಗಿ ಬಳಸಿರುವುದು ಕಾದಂಬರಿಗಳನ್ನಲ್ಲ. ಆಲೋಚನೆಯ ಅಭ್ಯಾಸ ಬದಲಿಸಿಕೊಳ್ಳಲು ಹಂತಹಂತವಾಗಿ ಕಲಿಸುವ ಸ್ವಸಹಾಯ ಪುಸ್ತಕಗಳನ್ನು. ಕತೆ ಕಾದಂಬರಿಗಳ ಬಗ್ಗೆ ಅಷ್ಟು ಗಟ್ಟಿ ಪುರಾವೆ ಇನ್ನೂ ಇಲ್ಲ. ಕಾದಂಬರಿಯಿಂದ ಸಿಗುವುದನ್ನು ಸಾಂತ್ವನ ಎನ್ನೋಣ, ಚಿಕಿತ್ಸೆ ಎನ್ನುವುದು ಬೇಡ.

ಕನ್ನಡದಲ್ಲಿ ಈ ವಯಸ್ಸಿಗೆ ಏನಿದೆ?

ಇಂಗ್ಲಿಷಿನಲ್ಲಿ 'ಯಂಗ್ ಅಡಲ್ಟ್' ಎಂಬ ಬೇರೆಯೇ ಕಪಾಟು ಇದೆ. ಎಸ್. ಇ. ಹಿಂಟನ್ ತಾನೇ ಹದಿಹರೆಯದಲ್ಲಿದ್ದಾಗ ಬರೆದು 1967ರಲ್ಲಿ ಪ್ರಕಟಿಸಿದ 'ದಿ ಔಟ್‌ಸೈಡರ್ಸ್' ಅದಕ್ಕೆ ದಾರಿ ಮಾಡಿದ ಕೃತಿ ಎನ್ನುತ್ತಾರೆ. ನಮ್ಮಲ್ಲಿ ಅಂಥ ಕಪಾಟು ಇರಲಿಲ್ಲ. ಮಕ್ಕಳ ಕತೆ ಮುಗಿದ ಮೇಲೆ ನೇರವಾಗಿ ಅಮ್ಮನ, ಅಕ್ಕನ ಪುಸ್ತಕಗಳೇ. ಮನಃಶಾಸ್ತ್ರ ಓದಿದ್ದ ತ್ರಿವೇಣಿಯವರ ಕಾದಂಬರಿಗಳನ್ನು ಎಷ್ಟೋ ಹೈಸ್ಕೂಲು ಹುಡುಗಿಯರು ಹಾಸಿಗೆ ಕೆಳಗೆ ಬಚ್ಚಿಟ್ಟು ಓದಿದ್ದಾರೆ. 'ಶರಪಂಜರ'ದ ಕಾವೇರಿ ಹೆರಿಗೆಯ ನಂತರ ಮಾನಸಿಕ ಕಾಯಿಲೆಗೆ ಬಿದ್ದು, ವಾಸಿಯಾಗಿ ಮನೆಗೆ ಬಂದರೂ ಸುತ್ತಲಿನವರು ಅವಳನ್ನು ಹುಚ್ಚಿಯೆಂದೇ ನೋಡುತ್ತಾರೆ. ಮನಸ್ಸಿಗೂ ಕಾಯಿಲೆ ಬರುತ್ತದೆ, ಅದು ವಾಸಿಯೂ ಆಗುತ್ತದೆ ಎಂಬುದನ್ನು ಕನ್ನಡದ ಸಾಮಾನ್ಯ ಓದುಗರಿಗೆ ತಲುಪಿಸಿದ್ದು ವೈದ್ಯಕೀಯ ಪುಸ್ತಕಗಳಿಗಿಂತ ಹೆಚ್ಚಾಗಿ ಇಂಥ ಕಾದಂಬರಿಗಳು.

ಈಗ ಪರಿಸ್ಥಿತಿ ಸುಧಾರಿಸಿದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದವುಗಳಲ್ಲೇ ಬೆಳೆದ ಮಕ್ಕಳು ಓದಬಹುದಾದ ಕಾದಂಬರಿಗಳಿವೆ: ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' (2011), ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ' (2021), ತಮ್ಮಣ್ಣ ಬೀಗಾರರ 'ಬಾವಲಿ ಗುಹೆ' (2022). ಡಿಸೋಜರು ಬರೆಯುವುದು ಶರಾವತಿ ಸೀಮೆಯ ಮುಳುಗಡೆಯ ಬಗ್ಗೆ. ಆದರೆ ಹೊಸಪೇಟೆಯ ಮಗುವಿಗೆ ಅದು ದೂರದ ಕತೆಯೇನಲ್ಲ. ತುಂಗಭದ್ರಾ ಅಣೆಕಟ್ಟೆಗಾಗಿ ಊರು ಬಿಟ್ಟ ನಾರಾಯಣದೇವರಕೆರೆಯವರು ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು. ಆ ಮನೆಗಳ ಅಜ್ಜಿಯಂದಿರು ನೀರಿನಡಿಗೆ ಹೋದ ಊರಿನ ಸುದ್ದಿ ತೆಗೆದರೆ ಮೌನವಾಗುವುದು ಏಕೆ ಎಂದು ಮೊಮ್ಮಗಳಿಗೆ ಇಂಥ ಪುಸ್ತಕದಿಂದ ತಿಳಿಯಬಹುದು.

ನೋವಿನಲ್ಲಿರುವ ಓದುಗರಿಗೆ ಒಂದು ಪುಸ್ತಕ ಏನು ಮಾಡಬಲ್ಲದು ಎಂಬುದಕ್ಕೆ ಸಂಡೂರಿನಿಂದಲೇ ಒಂದು ಉದಾಹರಣೆ ಇದೆ. 1969ರಲ್ಲಿ ಸಂಡೂರಿನಲ್ಲಿ ಹುಟ್ಟಿ, ಸಾಫ್ಟ್‌ವೇರ್ ಕೆಲಸದಲ್ಲಿದ್ದ ವಸುಧೇಂದ್ರ 2013ರಲ್ಲಿ 'ಮೋಹನಸ್ವಾಮಿ' ಪ್ರಕಟಿಸಿದರು. ಸಲಿಂಗಿ ಯುವಕನೊಬ್ಬನ ಬದುಕಿನ ಕತೆಗಳು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧವೆಂದು ಮತ್ತೆ ಹೇಳಿತ್ತು; ಅದು ರದ್ದಾದದ್ದು 2018ರಲ್ಲಿ. ತಾನು ಯಾರೆಂಬುದನ್ನು ಹೇಳಿಕೊಳ್ಳಲಾಗದೆ ಖಿನ್ನತೆ ಅನುಭವಿಸಿದ್ದನ್ನು, ಬರೆದ ಮೇಲೆ ಹಗುರಾದದ್ದನ್ನು ವಸುಧೇಂದ್ರ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಪುಸ್ತಕ ಓದಿದ ಯುವಕರು ತಮ್ಮ ಕತೆ ಹೇಳಲು ಅವರನ್ನು ಹುಡುಕಿಕೊಂಡು ಬಂದರು. ಇದು ಹದಿಹರೆಯದವರಿಗೆಂದು ಬರೆದ ಪುಸ್ತಕವಲ್ಲ, ದೊಡ್ಡವರ ಕತೆಗಳೇ. ಆದರೆ ತನ್ನಂಥವನು ಕನ್ನಡದಲ್ಲಿ, ತನ್ನದೇ ಸೀಮೆಯ ಮಾತಿನಲ್ಲಿ ಇದ್ದಾನೆ ಎಂದು ಮೊದಲ ಸಲ ಕಂಡವರಿಗೆ ಅದು ಎಷ್ಟು ದೊಡ್ಡ ಸಂಗತಿ ಎಂದು ಹೊರಗಿನವರು ಊಹಿಸುವುದು ಕಷ್ಟ.

ಅದೇ ನೋವಿನ ಪುಸ್ತಕವೇ ಬೇಕೆ?

ಇಲ್ಲಿಯೇ ಹಲವರು ಎಡವುತ್ತಾರೆ. ತಂದೆ ಕಳೆದುಕೊಂಡ ಹುಡುಗಿಗೆ ತಂದೆ ಸಾಯುವ ಕಾದಂಬರಿ, ಫೇಲಾದವನಿಗೆ ಫೇಲಾದವನ ಕತೆ ಕೊಟ್ಟರೆ ಒಳ್ಳೆಯದು ಎಂದುಕೊಳ್ಳುತ್ತಾರೆ. ಕೆಲವರಿಗೆ ಅದು ಕೂಡಿಬರಬಹುದು, ಎಲ್ಲರಿಗೂ ಅಲ್ಲ. ಬ್ರಿಟನ್ನಿನ ಎಮಿಲಿ ಟ್ರೊಶಿಯಾಂಕೊ 2018ರಲ್ಲಿ 885 ಜನರ ಸಮೀಕ್ಷೆ ಪ್ರಕಟಿಸಿದರು. ಅವರಲ್ಲಿ ಬಹುಪಾಲು ಜನ ಊಟ ಬಿಡುವ, ತೂಕದ ಬಗ್ಗೆ ಅತಿಯಾಗಿ ಭಯಪಡುವಂಥ ಕಾಯಿಲೆ ಅನುಭವಿಸಿದವರು. ಅದೇ ಕಾಯಿಲೆಯ ಕುರಿತ ಕಾದಂಬರಿಗಳು ತಮ್ಮ ಸ್ಥಿತಿಯನ್ನು ಇನ್ನಷ್ಟು ಕೆಡಿಸಿದವು ಎಂದು ಅವರಲ್ಲಿ ಹಲವರು ಹೇಳಿದರು. ನೆರವಾದದ್ದು ಅವರಿಗೆ ಮೊದಲಿನಿಂದ ಇಷ್ಟವಿದ್ದ ಬೇರೆ ಬಗೆಯ ಕತೆಗಳು. ಆತ್ಮಹತ್ಯೆಯನ್ನು ವಿವರವಾಗಿ, ಆಕರ್ಷಕವಾಗಿ ಚಿತ್ರಿಸುವ ಕತೆಗಳ ಬಗ್ಗೆಯಂತೂ ತಜ್ಞರು ಬಹಳ ಕಾಲದಿಂದ ಎಚ್ಚರಿಸುತ್ತಿದ್ದಾರೆ. ಕುಗ್ಗಿರುವ ಮಗುವಿನ ಕೈಗೆ ಅಂಥವು ಬೇಡ.

ಹಾಗಾಗಿ ದುಃಖದಲ್ಲಿರುವವನು ತೇಜಸ್ವಿಯವರ 'ಕರ್ವಾಲೊ' ಹಿಡಿದು ಮಂದಣ್ಣನ ಜೊತೆ ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೋದರೆ, ಅದನ್ನು ತಪ್ಪಿಸಿಕೊಳ್ಳುವುದು ಎನ್ನಬೇಕಿಲ್ಲ. ಗಾಯವಾದ ಕಾಲಿಗೆ ವಿಶ್ರಾಂತಿ ಕೊಟ್ಟ ಹಾಗೆ. ಓದಿದ್ದನ್ನೇ ನಾಲ್ಕನೇ ಸಲ ಓದುವುದೂ ಸರಿಯೇ. ಮುಂದೇನಾಗುತ್ತದೆ ಎಂದು ಮೊದಲೇ ಗೊತ್ತಿರುವುದು, ಏನೂ ಗೊತ್ತಾಗದ ದಿನಗಳಲ್ಲಿ ಒಂದು ನೆಮ್ಮದಿ. ಪುಸ್ತಕವನ್ನು ಮಗುವೇ ಆರಿಸಲಿ. ಓದಿದ ಮೇಲೆ "ಇದರಿಂದ ಏನು ನೀತಿ ಕಲಿತೆ?" ಎಂದು ಮಾತ್ರ ಕೇಳಬೇಡಿ, ಮಾರನೇ ದಿನದಿಂದ ಪುಸ್ತಕ ನಿಮಗೆ ಕಾಣದ ಜಾಗಕ್ಕೆ ಹೋಗುತ್ತದೆ.

ಪುಸ್ತಕ ಎಲ್ಲಿ ಸಿಗುತ್ತದೆ ಎಂಬುದು ಕಂಪ್ಲಿಯ ಗದ್ದೆಗಳ ನಡುವಿನ ಹಳ್ಳಿಗೂ, ಸಂಡೂರಿನ ಗಣಿ ಬದಿಯ ಹಳ್ಳಿಗೂ ನಿಜವಾದ ಪ್ರಶ್ನೆ. 2020ರಲ್ಲಿ ಲಾಕ್‌ಡೌನ್ ಬಂದು ಹಂಪಿಗೆ ಪ್ರವಾಸಿಗರು ನಿಂತರು. ಗೈಡುಗಳ, ಆಟೊದವರ, ಅಂಗಡಿಯವರ ಮನೆಗಳಲ್ಲಿ ದುಡಿಮೆ ಇಲ್ಲ, ಮಕ್ಕಳಿಗೆ ಶಾಲೆ ಇಲ್ಲ. ಆ ವರ್ಷದ ನವೆಂಬರಿನಲ್ಲಿ ರಾಜ್ಯದ ಗ್ರಾಮೀಣಾಭಿವೃದ್ಧಿ ಇಲಾಖೆ 'ಓದುವ ಬೆಳಕು' ಕಾರ್ಯಕ್ರಮ ಆರಂಭಿಸಿ, 6ರಿಂದ 18 ವರ್ಷದವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ಕೊಟ್ಟಿತು. ಈಗ ಅವುಗಳ ಹೆಸರು 'ಅರಿವು ಕೇಂದ್ರ'. ನಿಮ್ಮ ಪಂಚಾಯಿತಿಯ ಕೇಂದ್ರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಪಕ್ಕದಲ್ಲಿ ಕಾದಂಬರಿಗಳೂ ಇವೆಯೇ ನೋಡಿ. ಇಲ್ಲದಿದ್ದರೆ ತರಿಸಲು ಕೇಳಿ.

ಓದು ಸಾಕಾಗದೇ ಹೋದಾಗ

ಎರಡು ವಾರಕ್ಕೂ ಹೆಚ್ಚು ಕಾಲ ಮಗು ಸರಿಯಾಗಿ ನಿದ್ದೆ ಮಾಡದಿದ್ದರೆ, ಊಟ ಬಿಟ್ಟರೆ, ಗೆಳೆಯರನ್ನು ದೂರ ಮಾಡಿದರೆ, ಇಷ್ಟವಿದ್ದ ಪುಸ್ತಕವೂ ಬೇಡವಾಗಿದ್ದರೆ, ಬದುಕುವುದೇ ಬೇಡ ಎಂಬ ಮಾತು ಒಂದೇ ಸಲ ಬಂದರೂ, ಆಗ ಕಾದಂಬರಿಯನ್ನು ನೆಚ್ಚಿಕೊಂಡು ಕೂರಬಾರದು. ನೆರವು ಕೇಳಲು ಬೆಂಗಳೂರಿಗೇ ಹೋಗಬೇಕಿಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಮಾನಸಿಕ ಕಾಯಿಲೆಗೂ ಔಷಧಿ, ಸಲಹೆ ಸಿಗಬೇಕು ಎಂಬ ಯೋಜನೆಯನ್ನು ದೇಶದಲ್ಲಿ ಮೊದಲು ಜಿಲ್ಲಾ ಮಟ್ಟದಲ್ಲಿ ಮಾಡಿ ನೋಡಿದ್ದೇ ಈ ಸೀಮೆಯಲ್ಲಿ. 1985ರಿಂದ ನಿಮ್ಹಾನ್ಸ್ ಸಂಸ್ಥೆ ಆಗಿನ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟಿತು. ಹೊಸಪೇಟೆ, ಸಂಡೂರು, ಕಂಪ್ಲಿ ಎಲ್ಲವೂ ಆಗ ಅದೇ ಜಿಲ್ಲೆಯಲ್ಲಿದ್ದವು. ಆ 'ಬಳ್ಳಾರಿ ಮಾದರಿ'ಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದ ಬೇರೆ ಜಿಲ್ಲೆಗಳಿಗೆ ಹೋಯಿತು. ಫೋನಿನಲ್ಲೇ ಮಾತಾಡಬೇಕೆಂದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕರೆ ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆ, ಮಕ್ಕಳೂ ನೇರವಾಗಿ ಕರೆ ಮಾಡಬಹುದು.